ತೊಗರಿ ಹೊಲದಲ್ಲಿರುವಾಗಲೇ ಕಾರಿಗೆ ಸಹಿ ಹಾಕುವವರಿಗೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಚಳಿಗಾಲ ಅಂದರೆ ದುಡ್ಡು ಕೈಗೆ ಬರುವ ಕಾಲ. ಡಿಸೆಂಬರ್ ಹೊತ್ತಿಗೆ ತೊಗರಿ ಕಾಯಿ ಒಣಗಿ ಕೊಯ್ಲಿಗೆ ಬರುತ್ತದೆ. ಭೂಸನೂರು, ಹವಳಗಾ, ಮಳ್ಳಿಯ ಸಕ್ಕರೆ ಕಾರ್ಖಾನೆಗಳ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಹಗಲುರಾತ್ರಿ ಸಾಲುಗಟ್ಟುತ್ತವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬಂದ ಮಂದಿಯ ಬಾಯಲ್ಲಿ ಮರುದಿನದಿಂದ ಒಂದೇ ಮಾತು: ಈ ಸಲ ಗಾಡಿ ತಗೋಬೇಕು. ಸಂಕ್ರಾಂತಿಗೆ ಮುಂಚೆಯೇ ಕಲಬುರಗಿಯ ಶೋರೂಮಿನಲ್ಲಿ ಮುಂಗಡ ಕಟ್ಟಿ ಬರುತ್ತಾರೆ. ತೊಗರಿ ಇನ್ನೂ ಹೊಲದಲ್ಲಿದೆ. ರಾಶಿ ಆಗಿಲ್ಲ, ಗಂಜ್‌ಗೆ ಹೋಗಿಲ್ಲ. ಎಷ್ಟು ಕ್ವಿಂಟಲ್ ಆದೀತು, ಯಾವ ದರ ಸಿಕ್ಕೀತು ಎಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಏಳು ವರ್ಷ ತಿಂಗಳು ತಪ್ಪದೆ ಕಟ್ಟಬೇಕಾದ ಕಂತು.

ಹೊಸ ಗಾಡಿ ಮನೆ ಮುಂದೆ ಬಂದು ನಿಂತ ದಿನ ಯಾರೂ ಕಂತಿನ ಮಾತು ಎತ್ತುವುದಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಪೇಡೆ ಹಂಚಿ, ಗಾಣಗಾಪುರದ ದತ್ತನ ಗುಡಿಗೋ ಕಲಬುರಗಿಯ ಶರಣಬಸವೇಶ್ವರರ ಗುಡಿಗೋ ಪೂಜೆಗೆ ಒಯ್ಯುತ್ತಾರೆ. "ಛಲೋ ಆಯ್ತು ಬಿಡ್ರಿ" ಅಂತ ಬಂಧುಬಳಗ ಹರಸುತ್ತದೆ. ನಾನು ಹೇಳುತ್ತೇನೆ, ಛಲೋ ಆಗಿಲ್ಲ. ದುಡಿಮೆ ನೋಡದೆ, ರಸ್ತೆ ನೋಡದೆ, ಬರೀ ಮಂದಿಯ ಕಣ್ಣು ನೋಡಿ ತಂದ ಕಾರು ಮನೆಗೆ ಎರಡು ಕೇಡನ್ನು ಒಟ್ಟಿಗೆ ತರುತ್ತದೆ. ಒಂದು ಸಾಲ. ಇನ್ನೊಂದು, ಆ ಸಾಲದಿಂದಲೇ ಹುಟ್ಟುವ ರಸ್ತೆಯ ಅಪಾಯ. ಇವೆರಡೂ ಬೇರೆ ಬೇರೆ ಎಂದು ತಿಳಿದು ಕೂತಿರುವುದೇ ನಮ್ಮ ದೊಡ್ಡ ತಪ್ಪು. ಕಂತು ಕಟ್ಟಿ ಕಟ್ಟಿ ಕೈ ಬರಿದಾದವನು ಸವೆದ ಟೈರ್ ಬದಲಿಸುವುದಿಲ್ಲ, ಮುಗಿದ ವಿಮೆ ತುಂಬುವುದಿಲ್ಲ, ಕೆಟ್ಟ ದೀಪ ಹಾಕಿಸುವುದಿಲ್ಲ. ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಂಜಿನ ಬೆಳಗಿನಲ್ಲಿ ಹೊರಡುತ್ತಾನೆ.

ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಲೆಕ್ಕ ಕೇಳಿದವನನ್ನು ಜಿಪುಣ ಅನ್ನುತ್ತಾರೆ. ಅನ್ನಲಿ.

ಹತ್ತು ಲಕ್ಷ ಸಾಲ, ವರ್ಷಕ್ಕೆ ಶೇ 10ರ ಬಡ್ಡಿ, ಏಳು ವರ್ಷದ ಅವಧಿ ಎಂದು ಇಟ್ಟುಕೊಳ್ಳಿ. ತಿಂಗಳ ಕಂತು 16,600 ರೂಪಾಯಿ. ಏಳು ವರ್ಷದಲ್ಲಿ ಕಟ್ಟುವುದು ಸುಮಾರು 13.94 ಲಕ್ಷ. ಅಂದರೆ ಬಡ್ಡಿಯೇ 3.94 ಲಕ್ಷ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಆಲ್ಟೊ ಕೆ10 ಕಾರಿನ ಆರಂಭದ ಶೋರೂಮ್ ಬೆಲೆ 3.70 ಲಕ್ಷದ ಆಸುಪಾಸಿಗೆ ಬಂತು. ದೊಡ್ಡ ಗಾಡಿಯವನು ಬರೀ ಬಡ್ಡಿ ಎಂದು ಕಟ್ಟುವ ದುಡ್ಡಿನಲ್ಲಿ ಒಂದು ಹೊಸ ಸಣ್ಣ ಕಾರು ಬರುತ್ತದೆ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಪರಿಸ್ಥಿತಿ ಏನು ಗೊತ್ತೇ? ಕೊಟ್ಟದ್ದು ಆರು ಲಕ್ಷ, ಇನ್ನೂ ಉಳಿದ ಅಸಲು ಆರೂವರೆ ಲಕ್ಷ. ಆ ಹೊತ್ತಿಗೆ ವಿಮೆಯವರ ಪಟ್ಟಿಯಲ್ಲೇ ಗಾಡಿಯ ಬೆಲೆ ಶೇ 30ರಷ್ಟು ಕಡಿಮೆಯಾಗಿರುತ್ತದೆ.

ಈಗ ಇದನ್ನು ತೊಗರಿಯಲ್ಲಿ ಅಳೆಯಿರಿ. ವರ್ಷದ ಕಂತು ಎರಡು ಲಕ್ಷ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಲ್ಲಿಗೆ 25 ಕ್ವಿಂಟಲ್ ತೊಗರಿ ಕಾರಿಗೇ ಹೋಯಿತು. ಮಳೆ ನಂಬಿದ ಎರೆ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತು ಅಂದುಕೊಂಡರೂ ಆರು ಎಕರೆಯ ಪೂರಾ ಬೆಳೆ ಕಂತಿನ ಪಾಲು. ಬೀಜ, ಗೊಬ್ಬರ, ಔಷಧ, ಆಳು, ರಾಶಿಯ ಖರ್ಚು ಬೇರೆ. ಮಕ್ಕಳ ಶಾಲೆಯ ಫೀ ಬೇರೆ. ಇದು ಒಂದು ವರ್ಷದ ಮಾತಲ್ಲ, ಏಳು ವರ್ಷ ಒಂದರ ಹಿಂದೆ ಒಂದು.

ಏಳು ವರ್ಷ ನಮ್ಮ ಹೊಲ ಒಂದೇ ಸಮ ಕೊಟ್ಟದ್ದು ಯಾವಾಗ? 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹೊಲಗಳನ್ನು ಮುಳುಗಿಸಿತು. 2022ರಲ್ಲಿ ನೆಟೆ ರೋಗ ಬಂದು ಹೂ ಕಾಯಿ ಹಿಡಿದಿದ್ದ ತೊಗರಿ ನಿಂತಲ್ಲೇ ಒಣಗಿತು. 2024ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದ ದರ 2025ರ ಆರಂಭಕ್ಕೆ ಬೆಂಬಲ ಬೆಲೆ 7,550ರ ಸುತ್ತ ಬಂದು ಕುಸಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಮತ್ತೆ ಊರೊಳಗೆ ಬಂತು. ಐದಾರು ವರ್ಷದಲ್ಲಿ ಇಷ್ಟು ಹೊಡೆತ ತಿಂದ ಮೇಲೂ, ಬರುವ ಏಳು ವರ್ಷ ಪ್ರತಿ ತಿಂಗಳ ಐದನೇ ತಾರೀಖಿಗೆ 16,600 ರೂಪಾಯಿ ಕಟ್ಟುತ್ತೇನೆ ಎಂದು ಬರೆದುಕೊಡುವುದನ್ನು ಧೈರ್ಯ ಅನ್ನಬಾರದು. ಅದು ಶುದ್ಧ ಉಡಾಫೆ. ಹೊಲದ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಂತು ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ. ಈ ಸರಳ ಮಾತು ಕಿವಿಗೆ ಹೋಗುವವರೆಗೆ ನಾನು ಹೇಳುತ್ತಲೇ ಇರುತ್ತೇನೆ.

ಮುಂಗಡದ ದುಡ್ಡು ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಸೊಸೈಟಿಯಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಕೊಡುತ್ತಾರೆ. ಅದು ಬೀಜ ಗೊಬ್ಬರಕ್ಕೆ ಕೊಟ್ಟ ದುಡ್ಡು. ಅದನ್ನು ತಂದು ಶೋರೂಮಿಗೆ ಸುರಿದು, ಬಿತ್ತನೆ ಹೊತ್ತಿಗೆ ಅಡತ್ ಅಂಗಡಿಯ ಕಟ್ಟೆಯ ಮೇಲೆ ಕೈಕಟ್ಟಿ ಕೂರುವವರಿದ್ದಾರೆ. ಅಡತಿ ದುಡ್ಡು ಕೊಡುತ್ತಾನೆ, ಆದರೆ ನಿಮ್ಮ ಮಾಲು ಅವನ ಅಂಗಡಿಗೇ ಬರಬೇಕು, ಅವನು ಹೇಳಿದ ದಿನವೇ ಬರಬೇಕು. ದರ ಏರುವವರೆಗೆ ಕಾಯುವ ಹಕ್ಕನ್ನು ಅಲ್ಲೇ ಕಳೆದುಕೊಂಡಿರಿ. ಹೆಂಡತಿಯ ಕೊರಳಿನ ಬಂಗಾರವನ್ನು ಕೃಷಿ ಸಾಲದ ಹೆಸರಿನಲ್ಲಿ ಬ್ಯಾಂಕಿಗೆ ಇಟ್ಟು ಕಾರಿನ ಮುಂಗಡ ಕಟ್ಟುವವರೂ ಇದ್ದಾರೆ. "ಹ್ಯಾಂಗೂ ಮುಂದ ಸಾಲ ಮನ್ನಾ ಆಗ್ತದ" ಎಂಬ ಮಾತು ಬೇರೆ. 2018ರಲ್ಲಿ ಮನ್ನಾ ಆದದ್ದು ಬೆಳೆಸಾಲ. ಕಾರಿನ ಸಾಲವನ್ನು ಯಾವ ಸರ್ಕಾರವೂ ಮನ್ನಾ ಮಾಡಿಲ್ಲ, ಮಾಡುವುದೂ ಇಲ್ಲ. ಕಂತು ತಪ್ಪಿದರೆ ಗಾಡಿ ಎಳೆದೊಯ್ದು ಮಾರುತ್ತಾರೆ. ಮಾರಿದ ದುಡ್ಡು ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನೀವೇ ತುಂಬಬೇಕು.

ಬ್ಯಾಂಕು ಆಗಲ್ಲ ಅಂದರೆ ಫೈನಾನ್ಸ್ ಕಂಪನಿಯ ಹುಡುಗ ಮನೆ ಬಾಗಿಲಿಗೇ ಬರುತ್ತಾನೆ. "ಬರೀ ಎಂಟು ಪರ್ಸೆಂಟ್ ರೀ ಕಾಕಾ, ಫ್ಲಾಟ್" ಅನ್ನುತ್ತಾನೆ. ಫ್ಲಾಟ್ ಅಂದರೇನು ಎಂದು ಕೇಳುವ ಕಾಕಾ ಒಬ್ಬನೂ ಇಲ್ಲ. ಐದು ಲಕ್ಷಕ್ಕೆ ಐದು ವರ್ಷ, ಶೇ 8 ಫ್ಲಾಟ್ ಅಂದರೆ ಬಡ್ಡಿ ಎರಡು ಲಕ್ಷ, ತಿಂಗಳ ಕಂತು 11,667. ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರಾ ಐದು ಲಕ್ಷದ ಮೇಲೆಯೇ. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಶೇ 14ರ ಮೇಲಿನ ಬಡ್ಡಿ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಪ್ರತಿ ಹೊಸ ಸಾಲಕ್ಕೂ ಮುಖ್ಯಾಂಶಗಳ ಹಾಳೆಯೊಂದನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಎಲ್ಲ ಖರ್ಚು ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಆ ಹಾಳೆ ಕೇಳಿ ಪಡೆಯಿರಿ, ಮನೆಗೆ ತನ್ನಿ, ಓದಿದ ಮಗಳಿಂದ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಇಪ್ಪತ್ತು ಕಡೆ ಬೆರಳು ತೋರಿಸಿದಲ್ಲೆಲ್ಲಾ ಸಹಿ ಹಾಕಿ ಎದ್ದು ಬರುವುದು ಗಂಡಸುತನದ ಗುರುತಲ್ಲ.

ನೌಕರಿಯವರು ಇದೆಲ್ಲ ರೈತರಿಗೆ ಹೇಳಿದ್ದು ಎಂದು ನಿರಾಳವಾಗಬೇಡಿ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗದ ಸಂಬಳ ಬಂತು. ಸಂಬಳ ಏರಿದ ತಿಂಗಳಲ್ಲೇ ಏರಿದ್ದನ್ನೆಲ್ಲ ಕಂತಿಗೆ ಕಟ್ಟಿಹಾಕಿದ ಶಿಕ್ಷಕರು, ಗುಮಾಸ್ತರು ನಮ್ಮಲ್ಲಿದ್ದಾರೆ. ಮನೆಯಿಂದ ಶಾಲೆಗೆ ಹನ್ನೆರಡು ಕಿಲೋಮೀಟರು, ಹೋಗುವುದು ಒಬ್ಬರೇ, ತಂದದ್ದು ಏಳು ಸೀಟಿನ ಗಾಡಿ. ಇನ್ನು ಮದುವೆಯ ಮಾತು. ವರನ ಕಡೆಯವರು "ಹುಡುಗಗ ಒಂದು ಗಾಡಿ ಕೊಡ್ರಿ, ಮತ್ತೇನ್ ಬ್ಯಾಡ" ಅನ್ನುತ್ತಾರೆ. 1961ರ ಕಾಯ್ದೆಯ ಪ್ರಕಾರ ಅದು ವರದಕ್ಷಿಣೆ, ಕೇಳುವುದೇ ಅಪರಾಧ. ಹೆಣ್ಣಿನ ತಂದೆ ಸಾಲ ಮಾಡಿ ಕೊಡುತ್ತಾನೆ. ಮೊಮ್ಮಗಳು ಶಾಲೆಗೆ ಸೇರಿದರೂ ಅಳಿಯನ ಕಾರಿನ ಕಂತು ಮುಗಿದಿರುವುದಿಲ್ಲ. ಆ ಕಾರಿನಲ್ಲಿ ನಾಚಿಕೆಯಿಲ್ಲದೆ ಓಡಾಡುವ ಅಳಿಯಂದಿರಿಗೆ ಹಿರಿಯರು ಮುಖದ ಮೇಲೆ ಹೇಳಬೇಕು. ಹೇಳುತ್ತಿಲ್ಲ.

ಈಗ ಇದೇ ಗಾಡಿ ಕೆಲವು ವರ್ಷದ ಮೇಲೆ ಹೇಗಿರುತ್ತದೆ, ಹತ್ತಿರದಿಂದ ನೋಡಿ. ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರಕ್ಕೆ ಬಂದವರ ಕಾರುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರ ಮುಂದೆಯೂ ಬಗ್ಗಿ ನೋಡಿದರೆ ಒಂದೇ ಕತೆ. ಹಿಂದಿನ ಗಾಜಿಗೆ ಮಠದ ಸ್ವಾಮಿಗಳ ಫೋಟೊ, ಮನೆತನದ ಹೆಸರು, ನೋಡಲಾಗದಷ್ಟು ಕಪ್ಪು ಫಿಲ್ಮ್. ಮುಂದೆ ಎದುರಿನವರ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ದೀಪ. ಆದರೆ ವೈಪರಿನ ರಬ್ಬರು ಬಿಸಿಲಿಗೆ ಸೀಳಿ ಗಾಜಿನ ಮೇಲೆ ಅರ್ಧಚಂದ್ರದ ಗೀರು ಬಿದ್ದಿದೆ. ಟೈರಿನ ಕಚ್ಚುಗಳ ನಡುವೆ ಸಣ್ಣ ದಿಬ್ಬವೊಂದಿರುತ್ತದೆ, ಸವೆತ ಅಲ್ಲಿಗೆ ಮುಟ್ಟಿದರೆ ಉಳಿದದ್ದು 1.6 ಮಿಲಿಮೀಟರು ಎಂದರ್ಥ, ಕಾನೂನಿನ ಪ್ರಕಾರ ಆ ಟೈರ್ ಮುಗಿಯಿತು. ಇಲ್ಲಿ ದಿಬ್ಬ ಟೈರಿನ ಮೈಗೆ ಸಮವಾಗಿ ಕೂತಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 3218 ಎಂದಿದ್ದರೆ 2018ನೇ ವರ್ಷದ 32ನೇ ವಾರದಲ್ಲಿ ತಯಾರಾದದ್ದು. ಅಂಥ ಮುದಿ ಟೈರಿನ ಮೇಲೆ ಹನ್ನೆರಡು ಲಕ್ಷದ ಗಾಡಿ ನಿಂತಿದೆ. ಯಾಕೆ ಬದಲಿಸಿಲ್ಲ ಎಂದರೆ "ರಾಶಿ ಆಗ್ಲಿ ತಡೀರಿ" ಎಂಬ ಉತ್ತರ. ಕಂತಿಗೆ ತಡೆಯಿಲ್ಲ, ಜೀವಕ್ಕೆ ತಡೆ ಇದೆ.

ನಮ್ಮ ಚಳಿಗಾಲದ ರಸ್ತೆ ಎಂಥದ್ದು ಎಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹಿಮ ಬೀಳುವುದಿಲ್ಲ. ಆದರೆ ಭೀಮೆಯ ದಂಡೆಗುಂಟ, ಅಮರ್ಜಾ ಜಲಾಶಯದ ಸುತ್ತ, ಒದ್ದೆ ಎರೆ ಹೊಲಗಳ ಮೇಲೆ ನಸುಕಿನಲ್ಲಿ ಮಂಜು ಕವಿಯುತ್ತದೆ. ಸಂಜೆ ಕಬ್ಬಿನ ರವದಿ ಸುಟ್ಟ ಹೊಗೆ ರಸ್ತೆಗೆ ಅಡ್ಡ ಬರುತ್ತದೆ. ಡಿಸೆಂಬರ್‌ನ ದತ್ತ ಜಯಂತಿಗೆ ಮಹಾರಾಷ್ಟ್ರದ ಗಾಡಿಗಳು ರಾತ್ರಿಯೆಲ್ಲ ಗಾಣಗಾಪುರದ ಕಡೆ ಓಡುತ್ತವೆ. ಇವೆಲ್ಲದರ ನಡುವೆ ಎರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಟ್ರಾಲಿಯ ಮೈ ಮೀರಿ ಚಾಚಿದ ಕಬ್ಬು. ಪಂಕ್ಚರ್ ಆದರೆ ರಸ್ತೆಯ ಮೇಲೆಯೇ ನಿಲ್ಲಿಸಿ, ಹಿಂದೆ ನಾಲ್ಕು ಕಲ್ಲು ಇಟ್ಟು ಹೋಗಿಬಿಡುತ್ತಾರೆ.

2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ವ್ಯಾನೊಂದು ಹಿಂದಿನಿಂದ ಗುದ್ದಿತು. ಕಲಬುರಗಿಯ ಬಂದಾನವಾಜ್ ದರ್ಗಾಕ್ಕೆ ಹೊರಟಿದ್ದ ಬಾಗಲಕೋಟೆ ಜಿಲ್ಲೆಯ ಐವರು ಸತ್ತರು. ಅದು ಬೇಸಿಗೆಯ ರಾತ್ರಿ, ನಮ್ಮ ಕಡೆ ಮಂಜು ಬೀಳುವ ಕಾಲವೇ ಅಲ್ಲ. ಮಂಜಿನ ಕಾಲದಲ್ಲಿ ಇನ್ನೆಷ್ಟು ಎಚ್ಚರ ಬೇಕು ಎಂದು ನೀವೇ ಯೋಚಿಸಿ.

ಇದರ ಲೆಕ್ಕವೂ ಕಷ್ಟದ್ದಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರು ಓಡುತ್ತದೆ. ಎದುರಿನ ಟ್ರಾಲಿ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು 33 ಮೀಟರು ಮುಗಿದಿರುತ್ತದೆ. ಒಳ್ಳೆ ಟೈರಿದ್ದರೂ ನಿಲ್ಲಲು ಇನ್ನೊಂದು 35 ಮೀಟರು ಬೇಕು. ಒಟ್ಟು ಸುಮಾರು 70 ಮೀಟರು. ಡಿಪ್ ಲೈಟಿನಲ್ಲಿ ದೀಪವಿಲ್ಲದ ಟ್ರಾಲಿ ಐವತ್ತು ಮೀಟರಿಗೆ ಕಂಡರೆ ಪುಣ್ಯ. ಅಂದರೆ ನೀವು ಅದನ್ನು ನೋಡಿದ ಕ್ಷಣದಲ್ಲೇ ಗುದ್ದುವುದು ಖಾತ್ರಿಯಾಗಿದೆ. 50ರ ವೇಗದಲ್ಲಿದ್ದರೆ 35 ಮೀಟರಿನಲ್ಲಿ ನಿಲ್ಲುತ್ತೀರಿ, ಬದುಕುತ್ತೀರಿ. ಗಾಡಿ ದೊಡ್ಡದಿದ್ದರೆ ಈ ಅಂಕಿ ಬದಲಾಗುವುದಿಲ್ಲ. ದೊಡ್ಡ ಗಾಡಿಯಲ್ಲಿ ಕೂತವನಿಗೆ 100 ಕೂಡ 60ರಂತೆ ತೋರುತ್ತದೆ, ಅಷ್ಟೇ ವ್ಯತ್ಯಾಸ.

ಕಬ್ಬು ಹೊಡೆಯುವವರಿಗೂ, ರಸ್ತೆಯ ಮೇಲೆ ರಾಶಿ ಮಾಡುವವರಿಗೂ ಇದೇ ಬಿಸಿ ತಟ್ಟಬೇಕು. ಹೊಳೆಯುವ ಪಟ್ಟಿಗೆ ಕೆಲವು ನೂರು ರೂಪಾಯಿ ಸಾಕು. ಟ್ರ್ಯಾಕ್ಟರಿನ ಹಾಡಿನ ಡಬ್ಬಕ್ಕೆ ಸಾವಿರಗಟ್ಟಲೆ ಸುರಿಯುವವರಿಗೆ ಅದು ಭಾರವಾಗುತ್ತದೆಯೇ? ಡಾಂಬರಿನ ಮೇಲೆ ಹರವಿದ ತೊಗರಿ ಕಟ್ಟಿಗೆ, ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡು ಸುಡುವ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹೊತ್ತಬಹುದು. ಬೈಕಿನವರು ಜಾರಿ ಬೀಳುತ್ತಾರೆ. ರಸ್ತೆ ಯಾರ ಅಪ್ಪನ ಕಣವೂ ಅಲ್ಲ.

ಹಾಗಾದರೆ ಎಂಥ ಕಾರು ಕೊಳ್ಳಬೇಕು? ನಮ್ಮ ಚಳಿಗಾಲಕ್ಕೆ ಫೋರ್ ವೀಲ್ ಡ್ರೈವ್ ಬೇಡ. ಎರೆಮಣ್ಣಿನ ಕೆಸರು ಗಾಡಿ ಹೂಳುವುದು ಮಳೆಗಾಲದಲ್ಲಿ. ಡಿಸೆಂಬರ್‌ಗೆ ಆ ನೆಲ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಮಳೆಗಾಲದಲ್ಲಿ ಹೊಲಕ್ಕೆ ಕಾರು ಒಯ್ಯುವ ಅಗತ್ಯವೇ ಇಲ್ಲ, ಅಲ್ಲಿಗೆ ಟ್ರ್ಯಾಕ್ಟರು ಇದೆ. ಮನೆಯ ನಾಲ್ಕೈದು ಮಂದಿ ಕೂರುವ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿ ಈ ಮೂರು ತಾಲ್ಲೂಕಿನ ಮನೆಗಳಿಗೆ ಸಾಕು. ಆಲ್ಟೊ, ವ್ಯಾಗನ್ ಆರ್ ಜಾತಿಯ ಗಾಡಿಗಳು ಕಂಪನಿಯ ಅಳತೆಯಲ್ಲಿ ಲೀಟರಿಗೆ 24 ಕಿಲೋಮೀಟರು ಕೊಡುತ್ತವೆ. ನಮ್ಮ ರಸ್ತೆಯಲ್ಲಿ 18ರಿಂದ 20 ಬಂದರೆ ಸರಿ ಎಂದು ಹಿಡಿಯಿರಿ. ಪೆಟ್ರೋಲ್ ನೂರು ರೂಪಾಯಿ ದಾಟಿದೆ. ತಿಂಗಳಿಗೆ ಸಾವಿರ ಕಿಲೋಮೀಟರು ಓಡಿಸುವವನಿಗೆ 20 ಕೊಡುವ ಗಾಡಿಗೂ 12 ಕೊಡುವ ಗಾಡಿಗೂ ತಿಂಗಳಿಗೆ ಮೂರು ಸಾವಿರಕ್ಕೂ ಮೇಲೆ ವ್ಯತ್ಯಾಸ.

ಡೀಸೆಲ್ ಅಗ್ಗ ಎಂಬ ಹಳೇ ನಂಬಿಕೆ ಬಿಡಿ. ಈಗಿನ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನವೂ ಎಂಟು ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿದರೆ ಆ ಮಸಿ ಸುಡುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ರಿಪೇರಿ ಹತ್ತಾರು ಸಾವಿರಕ್ಕೆ ಮುಟ್ಟುತ್ತದೆ. ಸಿಎನ್‌ಜಿ ಉಳಿತಾಯ ನಿಜ, ಆದರೆ ನಿಮ್ಮ ದಿನದ ದಾರಿಯಲ್ಲಿ ಪಂಪು ಇದ್ದರೆ ಮಾತ್ರ. ತೆರಿಗೆಯಲ್ಲೂ ಸಣ್ಣ ಗಾಡಿಗೆ ಹೊರೆ ಕಡಿಮೆ: ಕರ್ನಾಟಕದಲ್ಲಿ ಐದು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 13, ಹತ್ತು ಲಕ್ಷ ದಾಟಿದರೆ ಶೇ 17, ಮೇಲೆ ಸೆಸ್. ಹನ್ನೆರಡು ಲಕ್ಷದ ಗಾಡಿಗೆ ತೆರಿಗೆಯೇ ಎರಡು ಲಕ್ಷ ದಾಟುತ್ತದೆ.

ಸಣ್ಣದು ಎಂದರೆ ಎಲ್ಲದರಲ್ಲೂ ಕಡಿತ ಎಂದಲ್ಲ. ಎಬಿಎಸ್ ಬ್ರೇಕ್, ಏರ್‌ಬ್ಯಾಗ್ ಬೇಕು. ಎಸಿ ಮತ್ತು ಹೀಟರ್ ಬೇಕೇ ಬೇಕು, ಏಕೆಂದರೆ ಮಂಜಿನ ಬೆಳಗಿನಲ್ಲಿ ಒಳಗಿನ ಗಾಜು ಉಸಿರಿಗೆ ಮಬ್ಬಾಗುತ್ತದೆ. ಎಸಿ ಒಳಗಿನ ಗಾಳಿಯ ತೇವ ಹೀರಿದಾಗಲೇ ಅದು ತಿಳಿಯಾಗುವುದು. ಹಳೇ ಗಾಡಿ ಕೊಳ್ಳುವವರು ವರ್ಷ ನೋಡಿ: ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನದರಲ್ಲಿ ಇದೆಯೋ ಇಲ್ಲವೋ ಪರೀಕ್ಷಿಸಿಯೇ ದುಡ್ಡು ಕೊಡಿ.

ಆಳಂದ, ಅಫಜಲಪುರದ ಗಡಿ ಊರುಗಳಲ್ಲಿ ಇನ್ನೊಂದು ಅಭ್ಯಾಸ ಬೇರೂರಿದೆ. ಸೋಲಾಪುರ, ಪುಣೆಯಿಂದ ಹಳೇ ಗಾಡಿ ಅಗ್ಗಕ್ಕೆ ತಂದು ವರ್ಷಗಟ್ಟಲೆ ಎಂಎಚ್ ನಂಬರಿನಲ್ಲೇ ಓಡಿಸುವುದು. "ಯಾರ್ ಹಿಡೀತಾರ ಬಿಡ್ರಿ" ಎಂಬ ಧೈರ್ಯ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳ ಮೇಲೆ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು, ತೆರಿಗೆ ಕಟ್ಟಲೇಬೇಕು. ಅದನ್ನು ಸೇರಿಸಿ ನೋಡಿದರೆ ಅಗ್ಗ ಎಂದದ್ದು ಅಗ್ಗವಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ವಿಮೆಯದು. ಗಾಡಿ ಕೈ ಬದಲಾದ 14 ದಿನದೊಳಗೆ ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೇ ಮಾಲೀಕನ ಹೆಸರಿನಲ್ಲೇ ಬಿಟ್ಟವನ ಗಾಡಿ ಟ್ರಾಲಿಗೆ ಗುದ್ದಿ ನುಜ್ಜಾದರೆ ರಿಪೇರಿಯ ದುಡ್ಡಿಗೆ ತಕರಾರು ಖಂಡಿತ. ಹಿಂದಿನ ಮಾಲೀಕನ ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರವಿಲ್ಲದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸದೆ, ದುಡ್ಡು ಕೊಡಬೇಡಿ.

ದುಡ್ಡಿನ ವಿಷಯದಲ್ಲಿ ನಾನು ಹೇಳುವ ನಿಯಮ ಒಂದೇ. ರಾಶಿ ಆಗಿ, ಮಾಲು ಮಾರಿ, ಬೆಳೆಸಾಲ ತೀರಿಸಿ, ಮುಂದಿನ ಬಿತ್ತನೆಯ ಖರ್ಚು ಎತ್ತಿಟ್ಟು, ಮೇಲೆ ಉಳಿದದ್ದು ಮಾತ್ರ ಕಾರಿನ ದುಡ್ಡು. ಉಳಿಯಲಿಲ್ಲವೇ, ಈ ವರ್ಷ ಕಾರಿಲ್ಲ. ಎರಡು ವರ್ಷ ಕೂಡಿಟ್ಟರೆ ಅರ್ಧಕ್ಕಿಂತ ಹೆಚ್ಚು ಕೈಯಿಂದ ಬರುತ್ತದೆ. ಸಾಲ ಬೇಕೇ ಬೇಕೆಂದರೆ ಎರಡು ಲಕ್ಷ, ಮೂರು ವರ್ಷ, ಅದರಾಚೆ ಇಲ್ಲ. ಶೇ 10ರಲ್ಲಿ ಅದರ ಕಂತು 6,450, ಒಟ್ಟು ಬಡ್ಡಿ 32 ಸಾವಿರ. ಕಂತಿನ ಅಳತೆಯನ್ನು ಒಳ್ಳೆ ವರ್ಷದ ಆದಾಯದ ಮೇಲೆ ಹಾಕಬೇಡಿ, ನೆಟೆ ಬಿದ್ದ ವರ್ಷದ ಆದಾಯದ ಮೇಲೆ ಹಾಕಿ. ಆ ವರ್ಷವೂ ಕಟ್ಟಲು ಆಗುವಷ್ಟೇ ಸಾಲ ನಿಮ್ಮದು. ಕಾರಿನ ಬೆಲೆಯ ಜೊತೆಗೆ ಟೈರ್, ವಿಮೆ, ಸರ್ವಿಸ್ ಎಂದು ವರ್ಷಕ್ಕೆ ಮೂವತ್ತು ಸಾವಿರವನ್ನು ಬೇರೆ ಎತ್ತಿಡಿ. ಅದು ಇಲ್ಲದವನಿಗೆ ಕಾರು ಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ.

"ರಾತ್ರಿ ಹೊತ್ತು ಆಸ್ಪತ್ರಿಗಿ ಹೋಗೋದಾದ್ರ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಎದೆನೋವು ಬಂದವರನ್ನು ಅಲ್ಲಿನ ಜಯದೇವ ಆಸ್ಪತ್ರೆಗೆ ಮುಟ್ಟಿಸಲು ಮನೆಯಲ್ಲಿ ಗಾಡಿ ಇದ್ದರೆ ನೆರವಾಗುತ್ತದೆ. ಆದರೆ ಆ ರಾತ್ರಿ ಬೇಕಾದದ್ದು ಚಾಲೂ ಆಗುವ ಬ್ಯಾಟರಿ, ಉರಿಯುವ ದೀಪ, ಹಿಡಿಯುವ ಬ್ರೇಕ್, ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಲು ಕೈಯಲ್ಲಿ ನಾಲ್ಕು ಕಾಸು. ಸಣ್ಣ ಕಾರಿನವನ ಹತ್ತಿರ ಇವೆಲ್ಲ ಇರುತ್ತವೆ. ದೊಡ್ಡ ಕಂತಿನವನ ಹತ್ತಿರ ಬರೀ ದೊಡ್ಡ ಕಾರು ಇರುತ್ತದೆ. ಮದುವೆ, ಜಾತ್ರೆಗೆ ಏಳು ಸೀಟು ಬೇಕಾದರೆ ವರ್ಷಕ್ಕೆ ನಾಲ್ಕು ದಿನ ಬಾಡಿಗೆಗೆ ತನ್ನಿ. ದಿನದ ಕಚೇರಿ ಕೆಲಸಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಇದೆ, 2023ರ ಜೂನ್ 11ರಿಂದ ಮನೆಯ ಹೆಣ್ಣುಮಕ್ಕಳಿಗೆ ಅದು ಉಚಿತವೂ ಹೌದು. ಬಸ್ಸಿನಲ್ಲಿ ಹೋದರೆ ಮರ್ಯಾದೆ ಕಡಿಮೆ ಎನ್ನುವವರು, ಕಂತು ಕೇಳಲು ಬಂದವರ ಮುಂದೆ ಮನೆಯಲ್ಲಿ ಇಲ್ಲ ಎಂದು ಮಕ್ಕಳಿಂದ ಸುಳ್ಳು ಹೇಳಿಸುವುದು ಎಂಥ ಮರ್ಯಾದೆ ಎಂಬುದಕ್ಕೆ ಉತ್ತರ ಕೊಡಲಿ.

ಕಾರು ಈಗಾಗಲೇ ಇರುವವರು ಮಂಜು ಬೀಳುವ ಮುಂಚೆಯೇ ಈ ಕೆಲಸಗಳನ್ನು ಮುಗಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಿಸಿ. ಉಷ್ಣತೆ ಐದಾರು ಡಿಗ್ರಿ ಇಳಿದಂತೆಲ್ಲ ಗಾಳಿಯ ಒತ್ತಡ ಒಂದೊಂದು ಪಿಎಸ್‌ಐ ಇಳಿಯುತ್ತದೆ, ಅಕ್ಟೋಬರ್‌ನ ಮಧ್ಯಾಹ್ನ ತುಂಬಿಸಿದ ಗಾಳಿ ಡಿಸೆಂಬರ್‌ನ ನಸುಕಿಗೆ ಮೂರು ಕಡಿಮೆಯಾಗಿರುತ್ತದೆ. ವೈಪರಿನ ರಬ್ಬರು ಬದಲಿಸಿ. ಬ್ಯಾಟರಿ ಪರೀಕ್ಷಿಸಿ. ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ, ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಡಿಪ್‌ನಲ್ಲೇ ಇಡಿ. ಎಸಿ ಹಾಕಿ, ಹೊರಗಿನ ಗಾಳಿ ಬರುವಂತೆ ತಿರುಗಿಸಿ, ಗಾಜಿನ ಕಡೆ ಬಿಡಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ಹಿಂದಿನವನಿಗೆ ನೀವು ಎತ್ತ ತಿರುಗುತ್ತೀರಿ ಎಂದು ತಿಳಿಯುವುದಿಲ್ಲ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ರಾತ್ರಿ ಹನ್ನೊಂದಕ್ಕೆ ಮದುವೆ ಊಟ ಮುಗಿಸಿ "ಎರಡು ತಾಸಿನ ದಾರಿ, ಹೋಗೇಬಿಡೂಣು" ಎಂದು ಏಳಬೇಡಿ. ಅಲ್ಲೇ ಮಲಗಿ, ಬಿಸಿಲು ಬಿದ್ದ ಮೇಲೆ ಹೊರಡಿ.

ಇದರಲ್ಲಿ ಯಾವುದೂ ದೊಡ್ಡ ಓದು ಬೇಕಾದ ವಿದ್ಯೆಯಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ, ಮೂರು ಸಂತೆ ತಿರುಗಿ ಬರುವ ಮಂದಿ ನಾವು. ಅದರ ಹತ್ತು ಪಟ್ಟು ದುಡ್ಡಿನ ಕಾರನ್ನು ಒಂದು ಮಧ್ಯಾಹ್ನದಲ್ಲಿ, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಒಪ್ಪಿಕೊಂಡು ಬರುತ್ತೇವೆ. ತಿಳಿಯದೆ ಮಾಡಿದರೆ ಕ್ಷಮೆ ಇರಬಹುದು. ನಾವು ತಿಳಿದೇ ಮಾಡುತ್ತಿದ್ದೇವೆ. ಭೀಮೆಯ ಪ್ರವಾಹ ತಡೆಯುವುದು ನಮ್ಮ ಕೈಯಲ್ಲಿಲ್ಲ, ತೊಗರಿಯ ದರ ಏರಿಸುವುದು ನಮ್ಮ ಕೈಯಲ್ಲಿಲ್ಲ. ಸಹಿ ಹಾಕುವ ಪೆನ್ನು ಮತ್ತು ಗಾಡಿಯ ಆಕ್ಸಿಲರೇಟರ್ ಎರಡೂ ನಮ್ಮ ಹತೋಟಿಯಲ್ಲಿವೆ. ಈ ಚಳಿಗಾಲ ಶೋರೂಮಿನ ಮೆಟ್ಟಿಲು ಹತ್ತುವ ಮುಂಚೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಬರೆಯಿರಿ: ಎಷ್ಟು ಕ್ವಿಂಟಲ್ ಆಯಿತು, ಎಷ್ಟು ಸಾಲ ಇದೆ, ಎಷ್ಟು ಉಳಿಯಿತು. ಆ ಹಾಳೆ ಹೂಂ ಅಂದರೆ ಹೋಗಿ. ಇಲ್ಲ ಅಂದರೆ ಮುಂದಿನ ರಾಶಿಯವರೆಗೆ ಸುಮ್ಮನಿರಿ.